ಹಸಿರು ಚುಕ್ಕೆಯ ಪರವಾಗಿ ನಾನು ವಾದಿಸಿದ ದಿನ

ನಮ್ಮ ಮೇಷ್ಟ್ರಿಗೆ ಎಐ ಕೈಕೊಟ್ಟಿತು ಎಂದೇ ಕಾಲೇಜಿನ ಹಳೆಯ ಗೆಳೆಯರೆಲ್ಲ ಹೇಳುತ್ತಾರೆ. ಒಪ್ಪಿಕೊಳ್ಳಲು ಸುಲಭದ ಕಥೆ. ಯಾರ ಮೇಲೂ ತಪ್ಪು ಬರುವುದಿಲ್ಲ. ಆದರೆ ಆ ಎಐ ಮಾಡಿದ್ದೇನು? ತನಗೆ ಕೊಟ್ಟ ಬೆಲೆಯನ್ನು ನಂಬಿತು, ಅಷ್ಟೆ. ಹಾಗೆ ನಂಬಿದ್ದು ಅದೊಂದೇ ಅಲ್ಲ.

ತಿಪಟೂರಿನ ಒಂದು ಕೊಬ್ಬರಿ ಮಂಡಿಯ ಮೇಲಿನ ಕೋಣೆಯಲ್ಲಿ ನಾನೂ ನನ್ನ ಗೆಳತಿಯೂ ಸಣ್ಣದೊಂದು ಸಾಫ್ಟ್‌ವೇರ್ ನಡೆಸುತ್ತಿದ್ದೆವು. ಬಿಟ್‌ಕಾಯಿನ್ ಮುಂತಾದ ಕ್ರಿಪ್ಟೋ ಬೆಲೆಗಳನ್ನು ನಿಮಿಷಕ್ಕೊಮ್ಮೆ ತರುವುದು ಅದರ ಕೆಲಸ. ಅದನ್ನು ಓದುವವರು ಮನುಷ್ಯರಲ್ಲ, ಎಐ ಏಜೆಂಟ್‌ಗಳು. ಯಜಮಾನರ ಪರವಾಗಿ ತಾವೇ ಬೆಲೆ ನೋಡಿ, ತಾವೇ ಕೊಂಡು ಮಾರುವ ಪ್ರೋಗ್ರಾಂಗಳು. ಬೆಲೆ ಕೇಳುವ ಮೊದಲು ಅವು ನಮ್ಮ ಸಾಫ್ಟ್‌ವೇರನ್ನು ‘ಸರಿಯಾಗಿದ್ದೀಯಾ’ ಎಂದು ಕೇಳುತ್ತವೆ. ಇದೇ ಹೆಲ್ತ್ ಚೆಕ್. ಸರಿಯಿದ್ದರೆ ಪರದೆಯ ಮೇಲೆ ಹಸಿರು ಚುಕ್ಕೆ, ಇಲ್ಲದಿದ್ದರೆ ಕೆಂಪು. ಕೆಂಪು ಕಂಡರೆ ಏಜೆಂಟ್ ಏನನ್ನೂ ಕೊಳ್ಳದೆ ಸುಮ್ಮನೆ ಕೂರುತ್ತದೆ.

ಕೋಡ್ ಅವಳದು, ಮಾತು ನನ್ನದು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲೂ ಹಾಗೇ ಇತ್ತು. ಅವಳು ಅಂಶ ಹುಡುಕಿ ಕೊಡುತ್ತಿದ್ದಳು, ನಾನು ವೇದಿಕೆ ಹತ್ತುತ್ತಿದ್ದೆ. ನಮ್ಮನ್ನು ತಯಾರು ಮಾಡಿದ ಮೇಷ್ಟ್ರದು ಒಂದೇ ಕಟ್ಟಪ್ಪಣೆ: ಮೈಕ್ ಹಿಡಿಯುವ ಮುಂಚೆ, ನಮ್ಮ ವಾದ ಎಲ್ಲಿ ಸಡಿಲವಾಗಿದೆ ಎಂದು ಜೊತೆಗಾರ್ತಿ ಕಿವಿಯಲ್ಲಿ ಹೇಳಲೇಬೇಕು. ಅವಳು ಒಮ್ಮೆಯೂ ತಪ್ಪಿಸಿರಲಿಲ್ಲ.

ಬರೀ ‘ಇದ್ದೀಯಾ’ ಎಂದು ಕೇಳುವ ಚೆಕ್ ಸಾಲದು ಎಂದು ಹಟ ಹಿಡಿದವಳು ನಾನೇ. ಬಿಳಿಗೆರೆಯ ನಮ್ಮ ಮನೆಯ ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ತೆಂಗಿನಕಾಯಿ ಒಣಗುತ್ತದೆ. ಅಟ್ಟ ತುಂಬಿದೆ ಎಂದ ಮಾತ್ರಕ್ಕೆ ಕೊಬ್ಬರಿ ಆಗಿದೆ ಎಂದು ಅಮ್ಮ ಒಪ್ಪುವುದಿಲ್ಲ. ಏಣಿ ಹತ್ತಿ, ಕಾಯಿ ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸುತ್ತಾಳೆ. ಒಳಗೆ ಗಡಗಡ ಎಂದರೆ ಸರಿ. ನೀರಿನ ಸದ್ದು ಬಂದರೆ ಮತ್ತೆ ಅಟ್ಟಕ್ಕೆ. ಗೆಳತಿ ಹುಳಿಯಾರು ಕಡೆಯ ತೋಟದ ಮನೆಯವಳು, ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಬೆಲೆಯನ್ನು ತೆಗೆದು ಅದು ಎಷ್ಟು ಹೊತ್ತಿನದೆಂದು ನೋಡುವುದು, ಎರಡು ನಿಮಿಷಕ್ಕಿಂತ ಹಳೆಯದಾದರೆ ಕೆಂಪು. ಆ ಪರೀಕ್ಷೆಗೆ ‘ಅಲ್ಲಾಡ್ಸು’ ಎಂದು ಅವಳೇ ಹೆಸರಿಟ್ಟಳು.

ನಿವೃತ್ತರಾದ ಮೇಲೆ ಮೇಷ್ಟ್ರಿಗೂ ಕ್ರಿಪ್ಟೋ ಹುಚ್ಚು ಹತ್ತಿತ್ತು. ಶಿಷ್ಯೆಯರದಲ್ಲವೇ ಎಂದು ತಮ್ಮ ಏಜೆಂಟನ್ನು ನಮ್ಮ ಸಾಫ್ಟ್‌ವೇರಿಗೇ ಜೋಡಿಸಿದ್ದರು. ಒಂದು ಬುಧವಾರ ಮಧ್ಯಾಹ್ನ, ಕೆಳಗೆ ಮಂಡಿಯಲ್ಲಿ ಚೀಲ ಇಳಿಸುತ್ತಿದ್ದಾಗ, ಅವರ ಫೋನ್ ಬಂತು.

“ಬೆಳಗ್ಗಿಂದ ಒಂದೇ ಬೆಲೆ ತೋರಿಸ್ತೈತೆ ಕಣಮ್ಮ, ಒಂದ್ಸಲ ನೋಡು.”

ನೋಡಬಹುದಿತ್ತು. ನೋಡಲಿಲ್ಲ, ವಾದಿಸಿದೆ. ಚುಕ್ಕೆ ಬೆಳಗ್ಗೆಯಿಂದ ಹಸಿರಾಗೇ ಇದೆ ಎಂದೆ. ಮಾರುಕಟ್ಟೆ ಕೆಲವು ದಿನ ತಣ್ಣಗಿರುತ್ತದೆ, ನಿಮ್ಮ ಕಡೆಯ ಪರದೆಯೇ ನಿಂತಿರಬಹುದು ಎಂದೆ. ಅವರ ಅನುಮಾನವನ್ನು ಒಂದೊಂದೇ ಅಂಶವಾಗಿ ಕೆಡವಿದೆ, ಅವರೇ ಕಲಿಸಿದ ವರಸೆಯಲ್ಲಿ. ಕೊನೆಗೆ ಅವರು, “ನೀನು ಹೇಳಿದ್ಮೇಲೆ ಮುಗೀತು ಬುಡಮ್ಮ” ಎಂದರು. ಫೋನ್ ಇಟ್ಟೆ. ಎದುರಿನ ಕುರ್ಚಿಯಲ್ಲಿದ್ದ ಗೆಳತಿ ನಕ್ಕು ಹೆಬ್ಬೆರಳು ಎತ್ತಿ ತೋರಿಸಿದಳು.

ನಮ್ಮಲ್ಲಿ ಬೆಲೆ ಬೆಳಗ್ಗೆ ಹತ್ತಕ್ಕೇ ನಿಂತುಹೋಗಿತ್ತು, ಹೊರಗೆ ನಿಜವಾದ ಬೆಲೆ ಕುಸಿಯುತ್ತಲೇ ಇತ್ತು. ಮೇಷ್ಟ್ರ ಏಜೆಂಟ್ ಆ ಹಳಸಿದ ಬೆಲೆಯನ್ನು ನಂಬಿ ಸಂಜೆಯವರೆಗೂ ಕೊಳ್ಳುತ್ತಲೇ ಇತ್ತು. ಎಷ್ಟು ಹೋಯಿತೆಂದು ಅವರು ಹೇಳಲಿಲ್ಲ, ಬಯ್ಯಲೂ ಇಲ್ಲ. ನನಗೆ ಫೋನ್ ಮಾಡುವುದನ್ನು ಮಾತ್ರ ಬಿಟ್ಟರು.

ಮಾರನೆಯ ದಿನ ಕೋಡ್ ತೆರೆದೆ. ‘ಅಲ್ಲಾಡ್ಸು’ ಇರಲಿಲ್ಲ. ಮೂರು ವಾರದ ಹಿಂದೆಯೇ ಅವಳು ಅದನ್ನು ತೆಗೆದುಹಾಕಿ, ಪದೇ ಪದೇ ಕೆಂಪಾಗುತ್ತಿದೆ ಎಂದು ಕಾರಣ ಬರೆದಿದ್ದಳು. ಅಂದಿನಿಂದ ಸರ್ವರ್ ಓಡುತ್ತಿದ್ದರೆ ಸಾಕು, ಚುಕ್ಕೆ ಹಸಿರು.

ನನಗೇಕೆ ಹೇಳಲಿಲ್ಲ ಎಂದು ಕೇಳಿದೆ. ಕೆಂಪು ಕಂಡರೆ ಗಿರಾಕಿಗಳು ಬಿಟ್ಟುಹೋಗುತ್ತಾರೆ, ಬಿಡುವಾದಾಗ ಸರಿಮಾಡುವವಳಿದ್ದೆ ಎಂದಳು. ಇದು ನಾನು ಕೇಳಿದ್ದಕ್ಕೆ ಉತ್ತರವಲ್ಲ ಎಂದೆ. ಆಗ ಉತ್ತರ ಬಂತು.

“ಹೇಳಿದ್ರೆ ನಿನ್ ದನಿಯಲ್ಲೇ ಗೊತ್ತಾಗೋಗ್ತಿತ್ತು ಕಣೇ. ಗೊತ್ತಿಲ್ದೆ ಇದ್ರೇನೇ ನೀನು ಚೆನ್ನಾಗ್ ಮಾತಾಡೋದು.”

ನನ್ನ ವಿರುದ್ಧದ ಅಂಶವನ್ನೂ ಮುಚ್ಚಿಡುವುದಿಲ್ಲ. ಅಲ್ಲಾಡಿಸಿ ನೋಡಬೇಕೆಂದು ಭಾಷಣ ಬಿಗಿದ ನಾನು ಆ ಮೂರು ವಾರದಲ್ಲಿ ಒಂದು ಬೆಲೆಯನ್ನೂ ತೆಗೆದು ನೋಡಿರಲಿಲ್ಲ. ಅದು ಸೋಮಾರಿತನ, ಸೊಕ್ಕೂ ಹೌದು. ಆದರೆ ಮೇಷ್ಟ್ರು ಕೊನೆಗೆ ನಂಬಿದ್ದು ಚುಕ್ಕೆಯನ್ನಲ್ಲ, ನನ್ನ ದನಿಯನ್ನು. ಅದರಲ್ಲಿ ಅಳುಕು ಇಣುಕದಂತೆ ಮೂರು ವಾರ ಕಾಪಾಡಿಕೊಂಡು ಬಂದವಳು ಅವಳು.

ಕೋಣೆಯ ಬೀಗದ ಕೈಯನ್ನು ಅವಳ ಮೇಜಿನ ಮೇಲಿಟ್ಟು ಒಂದು ಪ್ರಶ್ನೆ ಕೇಳಿದೆ. ಇವತ್ತಿಗೂ ನನಗೆ ಬೇಕಾಗಿರುವುದು ಅದೊಂದೇ ಉತ್ತರ.

“ನಾನು ಮೇಷ್ಟ್ರ ಬಾಯಿ ಮುಚ್ಚಿಸಿ ಫೋನ್ ಇಟ್ಟಾಗ ಹೆಬ್ಬೆರಳು ಎತ್ತಿದ್ಯಲ್ಲ, ಬೆಲೆ ನಿಂತೋಗಿರೋದು ಗೊತ್ತಿದ್ದೇ ಎತ್ತಿದ್ಯೇನೇ?”