ಆಯಿ ತಿಂದ ಕೊಕ್ಕಿಸಾಂ

ಬಾಗಿಲು ದೂಡಿ ಒಳಗೆ ಕಾಲಿಟ್ಟಾಗ ಮೊದಲು ನಮ್ಮನ್ನು ನೋಡಿದ್ದು ಎರಡು ಎತ್ತುಗಳು. ತಪ್ಪಿ ಕೊಟ್ಟಿಗೆಗೆ ಬಂದೆವೆಂದು ಮಗಳ ಕೈ ಹಿಡಿದು ಹಿಂದೆ ಸರಿದೆ. "ಬರ್ರಿ, ಅಂಜಬ್ಯಾಡ್ರಿ, ಅವೂ ಮನಿಯವ್ರೇ" ಎಂದು ಒಳಗಿನ ಕತ್ತಲಿನಿಂದ ಒಂದು ದನಿ ಬಂತು. ಎತ್ತುಗಳ ಬೆನ್ನ ಪಕ್ಕದಿಂದ ಹಾದು ನಾಲ್ಕು ಮೆಟ್ಟಿಲು ಹತ್ತಿದರೆ ಮನುಷ್ಯರ ಪಡಸಾಲೆ, ಅದರ ಬಾಜೂ ನಮಗೆಂದು ಒಂದೂವರೆ ಕೋಣೆ. ಗುಡಗೇರಿಯಲ್ಲಿ ನಮ್ಮ ಸಂಸಾರ ಶುರುವಾದದ್ದು ಹೀಗೆ.

ಕರಾವಳಿಯ ನನ್ನ ಓದುಗರೇ, ನಮ್ಮ ಕಡೆ ಮನೆಯೆಂದರೆ ಇಳಿಜಾರು ಹೆಂಚು. ಇಲ್ಲಿ ಮನೆಯ ಮಾಡು ಮಣ್ಣಿನದು, ಚಪ್ಪಟೆ. ಅದನ್ನು ಮಾಳಿಗೆ ಎನ್ನುತ್ತಾರೆ. ಅದರ ಮೇಲೆ ಜನ ಓಡಾಡುತ್ತಾರೆ, ಮೆಣಸಿನಕಾಯಿ ಒಣಗಿಸುತ್ತಾರೆ. ನಾನು ಮಧ್ಯಾಹ್ನ ಕೆಲಸ ಮುಗಿಸಿ ಏಣಿ ಹತ್ತಿ ಅಲ್ಲಿ ಕೂರುತ್ತಿದ್ದೆ. ಎತ್ತ ನೋಡಿದರೂ ಬಿಳಿಜೋಳ. ಒಂದು ಗುಡ್ಡವಿಲ್ಲ, ಒಂದು ತೆಂಗಿನ ತಲೆಯಿಲ್ಲ. ಚಳಿಗಾಲದ ಗಾಳಿ ಜೋಳದ ಗರಿಗಳ ಮೇಲೆ ಹಾದಾಗ ಕಣ್ಣು ಮುಚ್ಚಿಕೊಂಡರೆ ಸಾಕು, ಅದು ನಮ್ಮ ಕಡಲಿನ ಸದ್ದು. ತುದಿಯಲ್ಲಿ ಬಿಸಿಲು ನಡುಗುವಲ್ಲಿ ದೋಣಿಯೊಂದು ಕಂಡ ಹಾಗೆಯೂ ಆಗುತ್ತಿತ್ತು. ಕಣ್ಣು ತೆರೆದರೆ ಹುಬ್ಬಳ್ಳಿ ಪ್ಯಾಸೆಂಜರಿನ ಹೊಗೆ. ಎಷ್ಟು ಹೊತ್ತು ಹಾಗೆ ಕೂತಿರುತ್ತಿದ್ದೆನೋ, ಕೆಳಗಿನಿಂದ ಕರೆಯುವವರೆಗೆ ನನಗೇ ಗೊತ್ತಾಗುತ್ತಿರಲಿಲ್ಲ.

ನಮ್ಮವರಿಗೆ ಗುಡಗೇರಿ ಸ್ಟೇಷನ್ನಿನಲ್ಲಿ ಸಹಾಯಕ ಸ್ಟೇಷನ್ ಮಾಸ್ತರ ಕೆಲಸ. ರೈಲ್ವೆಯ ಕ್ವಾರ್ಟರ್ಸು ಖಾಲಿಯಿರಲಿಲ್ಲ. ಊರಲ್ಲಿ ಮೂರು ಕಡೆ ಮನೆ ಕೇಳಿದೆವು. ಕಿರಿಸ್ತಾನರು ಎಂದು ತಿಳಿದ ಕೂಡಲೇ ಮೂವರೂ ಬಹಳ ಮರ್ಯಾದೆಯಿಂದ ಚಹಾ ಕೊಟ್ಟು ಕಳಿಸಿದರು. ನಾಲ್ಕನೆಯದು ಈ ಮನೆ. ಯಜಮಾನಿ ಚನ್ನಬಸವ್ವ, ಊರಿಗೆಲ್ಲ ಆಯಿ. ಎಂದರೆ ಅಜ್ಜಿ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ನಾಲಿಗೆ ಮಾತ್ರ ಕೊಡಲಿ. ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೇಳಿದ್ದಿಷ್ಟೇ: "ಮಾಂಸ, ಮೀನ ಈ ಹೊಸ್ತಿಲಾ ದಾಟಿ ಬರಬಾರದು ನೋಡ್ರಿ. ಇದ್ರ ಮ್ಯಾಲೆ ನಿಮಗ ಬಿಟ್ಟದ್ದು."

ನಾನು ಮಾತು ಕೊಟ್ಟೆ. ಮೀನಿಲ್ಲದ ಆ ಮೊದಲ ತಿಂಗಳುಗಳನ್ನು ನೆನೆದರೆ ಈಗ ನಗು ಬರುತ್ತದೆ. ಆಗ ಅಳುವೇ ಬಂದಿತ್ತು. ಆಯಿಯ ಸೊಸೆ ನೀಲವ್ವ ನನ್ನ ವಯಸ್ಸಿನವಳು. ರೊಟ್ಟಿ ಬಡಿಯಲು ಕಲಿಸಿದಳು. ನನ್ನ ರೊಟ್ಟಿ ಯಾವತ್ತೂ ದುಂಡಗಾಗಲಿಲ್ಲ, ಸದ್ದು ಮಾತ್ರ ಅವಳದಕ್ಕಿಂತ ಜೋರಾಗಿತ್ತು. ನನ್ನ ಕನ್ನಡ ಕೇಳಿ ಬಾವಿಕಟ್ಟೆಯ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. "ನೀವು ಪುಸ್ತಕಾ ಓದಿದಂಗ ಮಾತಾಡ್ತೀರಲ್ರೀ" ಎನ್ನುತ್ತಿದ್ದಳು ನೀಲವ್ವ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಮಾತ್ರ ಕನ್ನಡ ಕಲಿತ ನನಗೆ ಬೇರೆ ಕನ್ನಡ ಇದೆಯೆಂದೇ ತಿಳಿದಿರಲಿಲ್ಲ. ಸಿಸಿಲಿಯಾ ಎಂಬ ನನ್ನ ಹೆಸರು ಅವರ ಬಾಯಲ್ಲಿ ಶಿಶಿಲವ್ವ ಆಯಿತು. ಕೆಲ ದಿನಗಳಲ್ಲಿ ಶಿಶಿಲವ್ವ ಎಂದರೆ ನಾನೇ ಮೊದಲು ತಿರುಗಿ ನೋಡತೊಡಗಿದೆ.

ಡಿಸೆಂಬರ್ ಬಂತು. ನಾದಿನಿಯ ಮದುವೆ ಜನವರಿಯಲ್ಲಿ ಗೊತ್ತಾಗಿದ್ದರಿಂದ ಸಂಬಳದ ಬಹುಪಾಲು ಊರಿಗೆ ಮನಿಯಾರ್ಡರಾಗಿ ಹೋಗಿತ್ತು. ರಜೆಯೂ ಇಲ್ಲ, ಊರಿಗೆ ಹೋಗುವಂತೆಯೂ ಇಲ್ಲ. ಏಳು ವರ್ಷದ ಲೀನಾಳಿಗೆ ಹಬ್ಬ ತಪ್ಪಬಾರದೆಂದು ನಾನು ಹಟ ಹಿಡಿದೆ. ನನ್ನ ಹಳೆಯ ವಾಯಲ್ ಸೀರೆ ಅವಳ ಫ್ರಾಕು ಆಯಿತು. ನಕ್ಷತ್ರಕ್ಕೆ ಬಿದಿರಿಲ್ಲ. ಹತ್ತಿಕಟ್ಟಿಗೆ ಕಟ್ಟಿ ಗಾಳಿಪಟದ ಕಾಗದ ಅಂಟಿಸಿದೆವು. ಗೋದಲಿಯ ಬೊಂಬೆಗಳಲ್ಲಿ ನಮ್ಮ ಬಳಿ ಇದ್ದದ್ದು ಮರಿಯಮ್ಮ, ಜೋಸೆಫ್, ಬಾಲಯೇಸು ಮಾತ್ರ. ಎತ್ತುಗಳಿಲ್ಲವೆಂದು ಲೀನಾ ಅತ್ತದ್ದು ಕೇಳಿ ನೀಲವ್ವ ಹೊಲದ ಎರೆಮಣ್ಣು ತಂದು, ಕಾರಹುಣ್ಣಿಮೆಯ ನಂತರದ ಅಮಾವಾಸ್ಯೆಗೆ ಮಾಡುವ ಮಣ್ಣೆತ್ತುಗಳನ್ನು ಆ ಡಿಸೆಂಬರಿನಲ್ಲಿ ಮಾಡಿಕೊಟ್ಟಳು. ಅವುಗಳ ಮುಂದೆ ಜೋಸೆಫ್ ಮೊಣಕಾಲೆತ್ತರ. "ಎತ್ತು ಸಣ್ಣವಿದ್ರ ಮನಿತನದ ಮರ್ಯಾದಿ ಏನ್ ಉಳೀತು?" ಎಂದಳು. ಮರಿಯಮ್ಮನ ಮನೆತನದ ಮರ್ಯಾದೆ ಆ ವರ್ಷ ಚೆನ್ನಾಗಿಯೇ ಉಳಿಯಿತು.

ಇನ್ನು ಕುಸ್ವಾರ್. ಕ್ರಿಸ್‌ಮಸ್ಸಿಗೆ ಮಾಡಿ ನೆರೆಹೊರೆಗೆ ಹಂಚುವ ತಿಂಡಿಗಳಿಗೆ ನಮ್ಮಲ್ಲಿ ಹಾಗೆನ್ನುತ್ತಾರೆಂದು ನಿಮಗೆ ಹೇಳಬೇಕಿಲ್ಲ. ತೆಂಗಿನಕಾಯಿ ಇಲ್ಲಿ ದೇವರ ಮುಂದೆ ಒಡೆಯಲು ಮಾತ್ರ ಕೊಳ್ಳುವ ವಸ್ತು. ಹಾಗಾಗಿ ನೆವ್ರ್ಯೊ ಒಳಗೆ ಕಾಯಿಯ ಬದಲು ಶೇಂಗಾ, ಎಳ್ಳು, ಬೆಲ್ಲ ತುಂಬಿದೆ. "ಇದು ನಮ್ಮ ಕರ್ಚಿಕಾಯಿ ಅಲ್ಲೇನ್ರಿ?" ಎಂದು ನೀಲವ್ವ ಬೆರಗಾದಳು. ಆದರೆ ಕೊಕ್ಕಿಸಾಂ ಅವಳು ಕಂಡದ್ದಲ್ಲ. ಹೂವಿನ ಆಕಾರದ ಕಬ್ಬಿಣದ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಹಿಡಿದರೆ ಹೂವು ಕಳಚಿಕೊಂಡು ತೇಲುತ್ತದೆ. ಅಚ್ಚು ನನ್ನ ತಾಯಿ ಮದುವೆಯಲ್ಲಿ ಕೊಟ್ಟದ್ದು. ಬಾಣಲೆ ನೀಲವ್ವನದು. ರೇಷನ್ನಿನ ಸಕ್ಕರೆ ಎರಡು ತಿಂಗಳಿಂದ ಚಹಾಕ್ಕೆ ಕಡಿಮೆ ಹಾಕಿ ಉಳಿಸಿದ್ದು. ಸ್ಟೇಷನ್ ಬಳಿಯ ಮನೆಯೊಂದರಿಂದ ನಮ್ಮವರು ಹೊಟ್ಟಿನ ಡಬ್ಬಿಯಲ್ಲಿ ಆರು ಮೊಟ್ಟೆ ತಂದಿದ್ದರು.

ಮೊಟ್ಟೆಯ ಬಗ್ಗೆ ನನಗೆ ಒಂದು ಅನುಮಾನವೂ ಬರಲಿಲ್ಲ. ಶುಕ್ರವಾರ ಮಾಂಸ ಬಿಡುವ ನಾವು ಅದೇ ದಿನ ಮೊಟ್ಟೆ ತಿನ್ನುತ್ತೇವೆ. ಪಾದ್ರಿಗಳೇ ತಿನ್ನುತ್ತಾರೆ. ಮಾಂಸ ಬೇರೆ, ಮೊಟ್ಟೆ ಬೇರೆ ಎಂದು ಹಾಲು ಕುಡಿಯುವಾಗಿನಿಂದ ತಿಳಿದವಳು ನಾನು. ಅಷ್ಟಲ್ಲದೆ ನಮ್ಮ ಕಡೆ ಗದ್ದೆ ಮಾಡುವವರು ಮೀನಿನ ಸಾರಿಲ್ಲದೆ ಊಟಕ್ಕೆ ಕೂರುವುದಿಲ್ಲ. ಗುಡಿಯ ಅರ್ಚಕರ ಮನೆಯವರು ಮಾತ್ರ ಇವೆಲ್ಲ ಮುಟ್ಟದವರು. ಆಯಿ ಹೊಲ ಮಾಡುವವರ ಮನೆಯವಳು, ಅರ್ಚಕರಷ್ಟು ಮಡಿ ಇರಲಾರದು ಎಂದುಕೊಂಡೆ. ಮಾಂಸ, ಮೀನು ಎಂದಿದ್ದಳು, ನಾನು ಎರಡನ್ನೂ ತಂದಿರಲಿಲ್ಲ.

ಆ ವರ್ಷ ಎಳ್ಳಮಾವಾಸ್ಯೆ ಕ್ರಿಸ್‌ಮಸ್ಸಿನ ಹಿಂದಿನ ದಿನವೇ ಬಂತು. ಅಂದು ಇಲ್ಲಿ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಬುತ್ತಿ ಕಟ್ಟಿಕೊಂಡು ಚಕ್ಕಡಿಯಲ್ಲಿ ಹೊಲಕ್ಕೆ ಹೋಗುತ್ತಾರೆ. ತಂದ ಅಡುಗೆಯಲ್ಲಿ ಎಲ್ಲದರ ಚೂರನ್ನೂ ಕಲಸಿ ಬೆಳೆಯ ಸುತ್ತ ಚೆಲ್ಲುತ್ತಾರೆ. ಬಸುರಿಯಾದ ಭೂಮಿತಾಯಿಗೆ ಬಯಕೆಯ ಊಟ ಅದು, ಹೆಸರು ಚರಗ. "ನಡೀರಿ ಹೋಗೂಣು, ಮನ್ಯಾಗ ಒಬ್ರಽ ಏನ್ ಮಾಡ್ತೀರಿ" ಎಂದು ನೀಲವ್ವ ನಮ್ಮನ್ನೂ ಹತ್ತಿಸಿಕೊಂಡಳು. ಬರಿಗೈಯಲ್ಲಿ ಹೋಗಬಾರದೆಂದು ಒಂದು ತಟ್ಟೆ ಕುಸ್ವಾರಿನ ಮೇಲೆ ಕಸೂತಿಯ ಬಟ್ಟೆ ಹೊದಿಸಿ ತೊಡೆಯ ಮೇಲಿಟ್ಟುಕೊಂಡೆ.

ಆ ಹೊಲದ ಮಧ್ಯಾಹ್ನ ನನಗೆ ಈಗಲೂ ನಿಜವಾಗಿ ನಡೆದದ್ದು ಅನಿಸುವುದಿಲ್ಲ. ಆಳೆತ್ತರದ ಜೋಳದ ನಡುವೆ ಬನ್ನಿ ಗಿಡದ ನೆರಳು, ಹಳದಿ ಕುಸುಬೆ ಹೂವು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆ ತೇಲುವ ಬದನೆಕಾಯಿ. ಲೀನಾ ಜೋಳದೊಳಗೆ ಓಡಿ ಮರೆಯಾಗುತ್ತಿದ್ದಳು, ಅವಳ ನಗು ಮಾತ್ರ ಅಲ್ಲಲ್ಲಿ ಏಳುತ್ತಿತ್ತು. ಆಯಿ ಚರಗ ಕಲಸುತ್ತ ನನ್ನ ತಟ್ಟೆಯಿಂದ ಒಂದು ಕೊಕ್ಕಿಸಾಂ ತೆಗೆದು ಪುಡಿ ಮಾಡಿದಳು. "ಇದ್ನೂ ಹಾಕೂಣು. ನಿಮ್ಮ ಹಬ್ಬದ್ದೂ ಭೂಮ್ತಾಯಿಗೆ ಮುಟ್ಲಿ." ಆಯಿಯ ಮಗ, ನೀಲವ್ವನ ಗಂಡ, ಅದನ್ನು ಹೊಲದ ಸುತ್ತ ಚೆಲ್ಲಿ ಬಂದ. ಆಮೇಲೆ ಆಯಿ ತಾನೂ ಎರಡು ತಿಂದಳು. "ಅಗದಿ ಹೂವ ತಿಂದಂಗ ಆತು ನೋಡು" ಎಂದಳು. ಈ ಊರಿಗೆ ಬಂದ ಮೇಲೆ ಮೊದಲ ಸಲ ನನಗೆ ನಾನು ಯಾರದೋ ಮನೆಯವಳು ಅನಿಸಿತು.

ಉಂಡಾದ ಮೇಲೆ ನೀಲವ್ವ ಕಾಲು ಚಾಚಿ ಹಳೆಯ ಸುದ್ದಿ ತೆಗೆದಳು. "ನಿಮಗಿಂತ ಮೊದ್ಲ ನಿಮ್ಮ ಖೋಲ್ಯಾಗ ಒಬ್ಬಾಂವ ಗುಮಾಸ್ತ ಇದ್ದ. ಕದ್ದ ಮುಚ್ಚಿ ತತ್ತಿ ಬೇಯ್ಸಿ ತಿಂತಿದ್ದ. ತಿಪ್ಪ್ಯಾಗ ಸಿಪ್ಪಿ ಸಿಕ್ವು. ಆಯಿ ಆವತ್ತ ಅವನ ಹಾಸಿಗಿ ಸುತ್ತಿ ಬೀದ್ಯಾಗ ಇಟ್ಲು."

ತತ್ತಿ ಎಂದರೆ ಮೊಟ್ಟೆ ಎಂದು ಆ ಹೊತ್ತಿಗೆ ನನಗೆ ಗೊತ್ತಿತ್ತು. ಅದೂ ಇವರಿಗೆ ಮಾಂಸವೇ ಎಂಬುದು ಮಾತ್ರ ಆ ಗಳಿಗೆಯಲ್ಲಿ ತಿಳಿಯಿತು. "ಹೂವಿನ ತಿಂಡಿ ಹೆಂಗ ಮಾಡಿದ್ರಿ, ನನಗೂ ಹೇಳ್ರಿ" ಎಂದು ನೀಲವ್ವ ಕೇಳಿದಳು. "ಅಕ್ಕಿ ಹಿಟ್ಟು, ಮೈದಾ, ಸಕ್ಕರೆ..." ಎಂದು ಅಲ್ಲಿಗೇ ನಿಲ್ಲಿಸಿದೆ. ಆರು ಮೊಟ್ಟೆಗಳ ಸಿಪ್ಪೆ ನಮ್ಮ ಒಲೆಯ ಬೂದಿಯಲ್ಲಿತ್ತು.

ಚಕ್ಕಡಿಯಲ್ಲಿ ಮರಳುವಾಗ ಸಂಜೆಯ ಬೆಳಕಿನಲ್ಲಿ ಜೋಳವೆಲ್ಲ ಬಂಗಾರವಾಗಿತ್ತು. ಲೀನಾ ಆಯಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ನಾನು ತಟ್ಟೆಯ ಕಸೂತಿಯ ಬಟ್ಟೆಯನ್ನು ಮಡಚುತ್ತ, ಬಿಚ್ಚುತ್ತ ಕೂತಿದ್ದೆ. ಹೇಳಿದರೆ ಈ ಮನೆ ಹೋಗುತ್ತದೆ, ಐದನೆಯ ಮನೆ ಈ ಊರಲ್ಲಿ ನಮಗೆ ಯಾರೂ ಕೊಡುವುದಿಲ್ಲ. ಹೇಳದಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ರಾತ್ರಿ ನಮ್ಮವರಿಗೆ ಹೇಳಿದೆ. "ಗೊತ್ತಿಲ್ಲದೆ ಆದದ್ದು, ಬಿಡು" ಎಂದರು. ಅವರ ದನಿಯಲ್ಲೂ ಅದು ಬಿಟ್ಟಂತಿರಲಿಲ್ಲ.

ಮರುದಿನ ಬೆಳಗಿನ ಪ್ಯಾಸೆಂಜರಿಗೆ ನಾನೂ ಲೀನಾಳೂ ಹುಬ್ಬಳ್ಳಿಯ ಇಗರ್ಜಿಗೆ ಹೋದೆವು. ಬಲಿಪೂಜೆಗೆ ಮೊದಲು ಪಾಪನಿವೇದನೆಗೆ ಸಾಲು ನಿಂತಿತ್ತು, ನಾನೂ ನಿಂತೆ. ಮುಂದೆ ಇಬ್ಬರು ಉಳಿದಾಗ ಒಂದು ವಿಚಾರ ಬಂತು: ಪಾದ್ರಿಗಳು ಕ್ಷಮಿಸುತ್ತಾರೆ, ಅವರಿಗೇನು, ಅವರು ಕೊಕ್ಕಿಸಾಂ ತಿಂದಿಲ್ಲ. ತಿಂದವಳು ಗುಡಗೇರಿಯಲ್ಲಿದ್ದಾಳೆ. ಸಾಲಿನಿಂದ ಹೊರಗೆ ಬಂದುಬಿಟ್ಟೆ. ಪೂಜೆಯುದ್ದಕ್ಕೂ ಹಾಡುಗಳು ನೀರಿನ ಕೆಳಗಿನಿಂದ ಕೇಳಿದ ಹಾಗಿದ್ದವು.

ಮಧ್ಯಾಹ್ನ ಮರಳಿದಾಗ ಆಯಿ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು, ನೀಲವ್ವ ಪಕ್ಕದಲ್ಲಿದ್ದಳು. ನಾನು ಚಪ್ಪಲಿ ಬಿಟ್ಟು ನಿಂತಲ್ಲೇ ಹೇಳಿದೆ. "ಆಯಿ, ನಿನ್ನೆಯ ಹೂವಿನ ತಿಂಡಿಯಲ್ಲಿ ಮೊಟ್ಟೆ ಇತ್ತು. ಅದೂ ನಿಮಗೆ ಆಗದು ಎಂದು ನನಗೆ ತಿಳಿದಿರಲಿಲ್ಲ. ಬಾಣಲೆಯೂ ನಿಮ್ಮದೇ."

ಮೊರ ನಿಂತಿತು. ನೀಲವ್ವ ನನ್ನ ಮುಖ ನೋಡಲಿಲ್ಲ. ಆಯಿ ಎದ್ದು ಬಚ್ಚಲಿಗೆ ಹೋದಳು. ನೀರು ಸುರಿದುಕೊಳ್ಳುವ ಸದ್ದು ಬಹಳ ಹೊತ್ತು ಕೇಳಿತು. ಆಮೇಲೆ ದೇವರ ಕೋಣೆಯ ಬಾಗಿಲು ಮುಚ್ಚಿತು. ಆ ದಿನ ನಮ್ಮ ಹಬ್ಬದ ಊಟ ಬರಿ ಅನ್ನ, ಸಾರು. ನಾನು ಟ್ರಂಕಿನಲ್ಲಿ ಬಟ್ಟೆ ಜೋಡಿಸಿದೆ. ಲೀನಾ ಮಣ್ಣೆತ್ತುಗಳನ್ನು ಎಲ್ಲಿ ಇಡಲಿ ಎಂದು ಕೇಳಿದಾಗ ಅಳು ತಡೆಯಲಾಗಲಿಲ್ಲ.

ಬೆಳಗ್ಗೆ ಆಯಿಯೇ ಕರೆದಳು. "ಏ ಶಿಶಿಲವ್ವ, ಬಾ ಇಲ್ಲಿ." ಹಣೆಯ ವಿಭೂತಿ ಎಂದಿಗಿಂತ ದಪ್ಪಗಿತ್ತು. ಅಂಗಳದ ಬೆಂಕಿಯಲ್ಲಿ ಆ ಬಾಣಲೆ ಕೆಂಪಗೆ ಕಾಯುತ್ತಿತ್ತು.

"ನೀ ಹೇಳದಿದ್ರ ನನಗ ಗೊತ್ತಾಗತಿತ್ತೇನು?"

"ಇಲ್ಲ, ಆಯಿ."

"ಮತ್ತ ಯಾಕ ಹೇಳ್ದಿ?"

"ನೀವು ಚೆನ್ನಾಗಿದೆ ಅಂದಿರಿ. ಅದಕ್ಕೇ ತಡೆಯಲಾಗಲಿಲ್ಲ."

ಆಯಿ ಬೆಂಕಿ ನೋಡುತ್ತ ಕೂತಳು. "ಬಾಣಲಿ ಬೆಂಕ್ಯಾಗ ಹಾಕಿ ತಗದ್ರ ಹಸನಾಕ್ಕತಿ. ನನ್ನ ಹೊಟ್ಟಿ ಎಲ್ಲಿ ಹಾಕ್ಲಿ?" ಎಂದಳು. ಬೆಂಕಿಗೆ ಒಂದು ಕಟ್ಟಿಗೆ ನೂಕಿ, "ನನಗಿಂತ ಮೊದ್ಲ ಭೂಮ್ತಾಯಿ ತಿಂದಾಳ. ಆಕೀನೇ ಏನೂ ಅಂದಿಲ್ಲ, ನಾ ಯಾವ ದೊಡ್ಡಾಕಿ? ಹೋಗು, ಟ್ರಂಕ್ ಬಿಚ್ಚು. ಬರೂ ವರ್ಷ ತತ್ತಿ ಇಲ್ದಽ ಮಾಡು. ನಾ ಬಾಜೂ ಕುಂತ ನೋಡ್ತೀನಿ" ಎಂದಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನೀಲವ್ವ ನಕ್ಕಳೋ ಅತ್ತಳೋ ತಿಳಿಯಲಿಲ್ಲ. ನಾನಂತೂ ಎರಡನ್ನೂ ಮಾಡಿದೆ.

ಈಗ ನಾಲ್ಕು ವರ್ಷವಾಯಿತು. ಮೊಟ್ಟೆಯ ಬದಲು ಹಾಲು, ಒಂದು ಚಮಚ ಬಿಸಿ ಎಣ್ಣೆ ಹಾಕಿ ಮಾಡುತ್ತೇನೆ. ಹೂವು ಅಚ್ಚು ಬಿಡುವಾಗ ಒಂದೆರಡು ಎಸಳು ಮುರಿಯುತ್ತವೆ. ಮುರಿದದ್ದು ಆಯಿಯ ಪಾಲು. ಪಕ್ಕದಲ್ಲಿ ಕೂತು ನೋಡುವ ಮಾತನ್ನು ಆಕೆ ಒಂದು ವರ್ಷವೂ ತಪ್ಪಿಸಿಲ್ಲ.

ಕಳೆದ ಕ್ರಿಸ್‌ಮಸ್ಸಿಗೆ ರಜೆ ಸಿಕ್ಕಿ, ಆಯಿಯ ಪಾಲು ಮೊದಲೇ ಕರಿದುಕೊಟ್ಟು, ಊರಿಗೆ ಬಂದಿದ್ದೆ. ಕಡಲು ನೋಡಿದೆ, ಮೀನು ತಿಂದೆ, ಅಮ್ಮನ ಕೈಯ ಕೊಕ್ಕಿಸಾಂ ಹೊಟ್ಟೆ ಬಿರಿಯುವಷ್ಟು ತಿಂದೆ. ಅದರ ಮುಂದೆ ನಾನು ಮಾಡುವುದು ಏನೂ ಅಲ್ಲ. ಆದರೂ ಅಲೆಯ ಸದ್ದು ಕೇಳುತ್ತ ಮಲಗಿದಾಗ ಕಣ್ಣೊಳಗೆ ಜೋಳವೇ ತೂಗುತ್ತಿತ್ತು. ಹೊರಡುವ ದಿನ ಅಮ್ಮ ಡಬ್ಬಿ ತುಂಬಿ ಕುಸ್ವಾರ್ ಕೊಟ್ಟಳು. ನಾನು ಮುಚ್ಚಳ ತೆಗೆದು ಕೊಕ್ಕಿಸಾಂಗಳನ್ನು ಒಂದೊಂದಾಗಿ ತಟ್ಟೆಗೆ ಎತ್ತಿಟ್ಟೆ.

"ಯಾಕೆ? ನಿನ್ನ ಮನೆಗಲ್ಲವಾ ಕೊಟ್ಟದ್ದು" ಎಂದಳು ಅಮ್ಮ.

"ಆ ಮನೆಯೊಳಗೆ ಇದು ಹೋಗುವುದಿಲ್ಲ, ಅಮ್ಮಾ."

ಅಮ್ಮ ನನ್ನನ್ನು ಹೊಸಬಳನ್ನು ನೋಡುವಂತೆ ನೋಡಿದಳು. ಅವಳ ಕಣ್ಣು ತುಂಬಿತು, ನನ್ನದೂ ತುಂಬಿತು. ಡಬ್ಬಿ ಅರ್ಧ ಖಾಲಿಯಾಗಿತ್ತು. ಉಳಿದ ನೆವ್ರ್ಯೊಗಳು ಗುಡಗೇರಿ ಬರುವವರೆಗೂ ಅದರೊಳಗೆ ಆ ಕಡೆಯಿಂದ ಈ ಕಡೆಗೆ ಉರುಳುತ್ತಲೇ ಇದ್ದವು.