ಗೋಡೆಯಾಚೆಗಿನ ಗೋಲು

ಹುಬ್ಬಳ್ಳಿಯ ದೇಶಪಾಂಡೆ ನಗರದ ರಸ್ತೆಯಲ್ಲಿ ಇವತ್ತಿಗೂ ಯಾರಾದರೂ ಹಳಬರು ನನ್ನನ್ನು ತಡೆದು ನಿಲ್ಲಿಸುತ್ತಾರೆ. ಬೆಳಗಾವಿಯವರ ಮೇಲೆ ನಾನು ಹೊಡೆದ ಗೋಲು ಇನ್ನೂ ಕಣ್ಣಲ್ಲಿದೆ ಎನ್ನುತ್ತಾರೆ. ನಾನು ಹಲ್ಲು ಕಿರಿದು, ಕಾಯಿಪಲ್ಲೆಯ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿ, ಮುಂದೆ ಸಾಗುತ್ತೇನೆ. ಅವರಿಗೆ ಇದು ಬಿಗುಮಾನ ಎನ್ನಿಸಬಹುದು. ನಿಜ ಹೇಳಬೇಕೆಂದರೆ ನನಗೆ ಸಿಟ್ಟು ಬರುತ್ತದೆ. ಊರಲ್ಲಿ ಕಂಡಕಂಡವರೆಲ್ಲ ನನ್ನ ಗೋಲು ನೋಡಿದ್ದಾರೆ. ನೋಡಲೇಬೇಕಾಗಿದ್ದ ಒಬ್ಬರು ಮಾತ್ರ ನೋಡಲಿಲ್ಲ, ಅದಕ್ಕೆ ನಾನೇ ಕಾರಣ.

ಕಮರಿಪೇಟೆಯ ಓಣಿಯಲ್ಲಿ ಬರಿಗಾಲಲ್ಲಿ ಫುಟ್‌ಬಾಲ್ ಕಲಿತವನು ನಾನು. ಚಿಂದಿ ಸುತ್ತಿದ ಚೆಂಡು, ಎರಡು ಕಲ್ಲಿನ ಗೋಲು, ಪೆಟ್ಟು ತಿಂದು ಕಪ್ಪಾದ ಹೆಬ್ಬೆರಳಿನ ಉಗುರು. ಐವತ್ತರ ದಶಕದ ಕೊನೆಗೆ, ರೈಲು ಡಬ್ಬಿ ರಿಪೇರಿ ಮಾಡುವ ಕಾರ್ಖಾನೆಯೊಂದು ತನ್ನ ತಂಡಕ್ಕೆ ಹುಡುಗರನ್ನು ಹುಡುಕುತ್ತಿತ್ತು. ಒಂದು ಸಂಜೆ ಆಡಿಸಿ ನೋಡಿ ಸೆಂಟರ್ ಫಾರ್ವರ್ಡ್ ಜಾಗಕ್ಕೆ ನನ್ನನ್ನು ತೆಗೆದುಕೊಂಡರು. ಕಾಗದದ ಮೇಲೆ ನಾನು ಫಿಟರ್. ಕಬ್ಬಿಣ ಉಜ್ಜುವ ಅರ ಹಿಡಿಯಲೂ ಬಾರದ ಫಿಟರ್! ಮೊದಲ ಸಲ ಬೂಟು ಹಾಕಿದ ದಿನ ಕಾಲನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದಂತಾಗಿತ್ತು. ಸ್ವಲ್ಪ ದಿನ ಕಳೆದ ಮೇಲೆ ಬೂಟು ಪಳಗಿತು, ಗೋಲುಗಳು ಬರತೊಡಗಿದವು. ಗದಗ, ಬೆಳಗಾವಿ, ಮೀರಜದವರೆಗೂ ಹೋಗಿ ಆಡಿ ಬಂದೆ. ಅವ್ವ ನನ್ನ ಮೆಡಲುಗಳನ್ನು ದೇವರ ಜಗಲಿಯ ಮೇಲಿಟ್ಟು ಕುಂಕುಮ ಹಚ್ಚಿದಳು. ನಾನೂ ಬೇಡ ಎನ್ನಲಿಲ್ಲ.

ಕಾರ್ಖಾನೆಯಲ್ಲಿ ಕೆಲಸ ಜೋಡಿಯ ಮೇಲೆ. ಇಬ್ಬರು ಫಿಟರುಗಳಿಗೆ ಒಂದು ಬೆಂಚು, ದಿನಕ್ಕೆ ಇಷ್ಟು ಬ್ರೇಕಿನ ಕೆಲಸ ಎಂದು ಗೊತ್ತು ಮಾಡಿರುತ್ತಿದ್ದರು. ಮ್ಯಾಚಿನ ದಿನ ಆಟಗಾರನನ್ನು ಮಧ್ಯಾಹ್ನವೇ ಬಿಡುತ್ತಿದ್ದರು. ಆದರೆ ಸಂಜೆಯ ಭೋಂಗಾ ಕೂಗುವುದರೊಳಗೆ ಆ ಜೋಡಿಯ ಕೆಲಸ ಮುಗಿದಿರಬೇಕು. ಎಂದರೆ ಒಬ್ಬ ಆಡುತ್ತಾನೆ, ಇನ್ನೊಬ್ಬ ಇಬ್ಬರ ಕೆಲಸ ಮಾಡುತ್ತಾನೆ. ನನಗೆ ಜೋಡಿಯಾಗಿ ಬಂದವರು ಅಮ್ಮಿನಬಾವಿ ಊರಿನ ಒಬ್ಬರು, ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರು ನನ್ನನ್ನು ತಮ್ಮಾ ಎನ್ನುತ್ತಿದ್ದರು. ಅವರದು ವಾರವೆಲ್ಲ ಹುಬ್ಬಳ್ಳಿಯ ಒಂದು ಖೋಲಿಯಲ್ಲಿ ಇರುವುದು, ಶನಿವಾರ ಸಂಜೆ ಊರಿಗೆ ಹೋಗಿ ರವಿವಾರ ಹೊಲದಲ್ಲಿ ದುಡಿಯುವುದು. ಹಾಗಾಗಿ ರವಿವಾರದ ಮ್ಯಾಚುಗಳೂ ಅವರ ಪಾಲಿಗೆ ಇರಲಿಲ್ಲ.

ಆದರೆ ಕಾಕಾರಿಗೆ ಫುಟ್‌ಬಾಲ್ ಎಂದರೆ ಜೀವ. ಮೈದಾನ ಕಾರ್ಖಾನೆಯ ಹಿಂದಿನ ಗೋಡೆಗೆ ಹತ್ತಿಕೊಂಡೇ ಇತ್ತು. ಆಟ ಕಾಣುತ್ತಿರಲಿಲ್ಲ, ಗದ್ದಲ ಕೇಳುತ್ತಿತ್ತು. ಜನ ಹೋ ಎಂದು ಕೂಗಿದರೆ ಸಾಕು, ಕಾಕಾ ಕೈಯಲ್ಲಿದ್ದ ಅರ ಮೇಲೆತ್ತಿ ‘ನಮ್ಮ ಹುಡುಗಂದು’ ಎನ್ನುತ್ತಿದ್ದರು ಎಂದು ಪಕ್ಕದ ಬೆಂಚಿನವರು ಹೇಳಿ ನಗುತ್ತಿದ್ದರು. ಮರುದಿನ ನಾನು ಬರುವಷ್ಟರಲ್ಲಿ ಬೆಂಚಿನ ಮೇಲೆ ನಟ್ಟುಗಳನ್ನು ಹರಡಿಕೊಂಡು ನಿಂತಿರುತ್ತಿದ್ದರು. ದೊಡ್ಡ ನಟ್ಟುಗಳು ಎದುರಾಳಿಗಳು, ಸಣ್ಣವು ನಮ್ಮವರು, ಒಂದೇ ಒಂದು ಹಿತ್ತಾಳೆಯ ನಟ್ಟು ನಾನು. ಅವನ್ನು ಸರಿಸುತ್ತ ಗೋಲು ಹೇಗೆ ಆಯಿತೆಂದು ತೋರಿಸಬೇಕು. ಇಬ್ಬರನ್ನು ದಾಟಿ ಹೋದದ್ದನ್ನು ನಾಲ್ವರನ್ನು ದಾಟಿದೆ ಎಂದು ತೋರಿಸುತ್ತಿದ್ದೆ. ಕಾಕಾ ನಡುವೆ ತಡೆದು, ಒಂದು ದೊಡ್ಡ ನಟ್ಟಿನ ತಲೆಗೆ ಬೆರಳಿನಿಂದ ಕುಟ್ಟಿ, ಇವನೇನು ಆಗ ಕಡ್ಲಿ ತಿನ್ನುತ್ತ ನಿಂತಿದ್ದನೇ ಎಂದು ಕೇಳುತ್ತಿದ್ದರು. ನನ್ನ ಗೋಲುಗಳನ್ನು ಅಷ್ಟು ಮನಸ್ಸಿಟ್ಟು ಯಾರೂ ನೋಡಿಲ್ಲ, ಕಣ್ಣಾರೆ ನೋಡಿದವರೂ ಸಹ.

ಒಂದು ದಿನ ಹಾಗೆ ನಟ್ಟುಗಳನ್ನು ಡಬ್ಬಿಗೆ ತುಂಬುತ್ತ ಕೇಳಿದರು.

“ತಮ್ಮಾ, ಒಂದ್ಸಲ ನಾನೂ ಕಣ್ಣಲೆ ನೋಡಬೇಕಂತ ಆಸೆ ಐತಿ. ಮಿಸ್ತ್ರಿಗೆ ನೀ ಒಂದ ಮಾತ ಹೇಳಿದ್ರ ಆಗತೈತಿ.”

ಆಗುತ್ತಿತ್ತು. ಬೆಂಚುಗಳಿಗೆ ಕೆಲಸ ಹಂಚುವ ನಮ್ಮ ಮಿಸ್ತ್ರಿಗೆ ನನ್ನ ಮೇಲೆ ವಿಪರೀತ ಅಭಿಮಾನ. ಅರ್ಧ ದಿನದ ಮಟ್ಟಿಗೆ ಬೇರೆ ಯಾರನ್ನಾದರೂ ನಮ್ಮ ಬೆಂಚಿಗೆ ಹಾಕಿ ಕಾಕಾರನ್ನು ಬಿಡುತ್ತಿದ್ದರು. ಆದರೆ ನನಗೆ ಒಳಗೊಳಗೇ ಹೆದರಿಕೆ. ಬೇರೆಯವನು ಒಂದು ಮಧ್ಯಾಹ್ನ ನನ್ನ ಪಾಲಿನ ಕೆಲಸ ಹೊತ್ತರೆ ಅದು ಎಷ್ಟಿದೆ ಎಂಬುದು ಎಲ್ಲರಿಗೂ ಗೊತ್ತಾಗುತ್ತದೆ. ಅವನು ಗೊಣಗುತ್ತಾನೆ, ಮಾತು ಮೇಲಿನವರ ತನಕ ಹೋಗುತ್ತದೆ, ನನ್ನ ಆಟದ ಮಧ್ಯಾಹ್ನಗಳಿಗೆ ಕಲ್ಲು ಬೀಳುತ್ತದೆ. ಕಾಕಾ ಗೊಣಗುವವರಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು, ಅದನ್ನೇ ನಾನು ಬಳಸಿಕೊಂಡೆ. ಮುಂದಿನ ಮ್ಯಾಚಿಗೆ ನೋಡೋಣ ಎಂದೆ. ಅದು ಬಂದಾಗ ಮತ್ತೆ ಮುಂದಿನದಕ್ಕೆ ಎಂದೆ. ವರ್ಷಗಳು ಹಾಗೇ ಕಳೆದವು. ನನ್ನ ಕಾಲು ಎಂದೆಂದಿಗೂ ಹೀಗೇ ಇರುತ್ತದೆ ಎಂಬ ಸೊಕ್ಕು ನನಗೆ.

ಮಳೆಗೆ ರಾಡಿಯಾಗಿದ್ದ ಮೈದಾನದಲ್ಲಿ ಒಂದು ಸಂಜೆ, ಯಾರೂ ಮುಟ್ಟದೆ, ಚೆಂಡಿನ ಜೊತೆ ತಿರುಗಲು ಹೋಗಿ ನನ್ನ ಮೊಳಕಾಲು ಕಟಕ್ಕೆಂದಿತು. ಡಾಕ್ಟರು ಪ್ಲಾಸ್ಟರ್ ಹಾಕಿದರು, ತೆಗೆದರು, ಇನ್ನು ಆಟದ ಮಾತು ಬಿಡು ಎಂದರು. ನನಗಿನ್ನೂ ಮೂವತ್ತು ತುಂಬಿರಲಿಲ್ಲ. ಆ ಸಂಜೆ ಜನ ಒಮ್ಮೆಲೇ ಸುಮ್ಮನಾದದ್ದು ಕೇಳಿಯೇ ಕಾಕಾ ಅರ ಕೆಳಗಿಟ್ಟರಂತೆ. ನಾನು ಮಲಗಿದ್ದಾಗ ಊರಿನಿಂದ ಹಸಿ ಶೇಂಗಾ ತಂದರು, ಹೊರಸಿನ ಪಕ್ಕ ಕೂತು ಸುಲಿದು ಕೊಟ್ಟರು. ನೋಡದೇ ಉಳಿದ ಆಟದ ಮಾತು ಎತ್ತಲಿಲ್ಲ. ಎತ್ತಿ ನಾಲ್ಕು ಮಾತು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಕುಂಟುತ್ತ ಬೆಂಚಿಗೆ ಮರಳಿದೆ. ಇಷ್ಟು ವರ್ಷದ ಫಿಟರಿಗೆ ಕೆಲಸ ಬರುವುದಿಲ್ಲ ಎಂಬುದು ಈಗ ದಿನವಿಡೀ ಎಲ್ಲರ ಕಣ್ಣಿಗೆ ಬೀಳತೊಡಗಿತು. ಕಾಕಾ ಮೆಲ್ಲಗೆ ಕಲಿಸಲು ನೋಡುತ್ತಿದ್ದರು. ನನಗೆ ಅದು ಅವಮಾನ, ಮುಖ ಗಂಟಿಕ್ಕುತ್ತಿದ್ದೆ. ಕೊನೆಗೆ ಅವರೇ ಮಾಡಿ ಮುಗಿಸುತ್ತಿದ್ದರು, ಮೊದಲಿನ ಹಾಗೆಯೇ.

ಮರುವರ್ಷ ನಮ್ಮ ತಂಡ ಫೈನಲ್ಲಿಗೆ ಬಂತು. ಮ್ಯಾಚು ಅದೇ ಹಿಂದಿನ ಮೈದಾನದಲ್ಲಿ, ನನ್ನ ಜಾಗಕ್ಕೆ ಗದಗಿನ ಒಬ್ಬ ಹೊಸಬ. ಆ ದಿನ ಬೆಳಿಗ್ಗೆ ಮಿಸ್ತ್ರಿಯ ಬಳಿ ಹೋದೆ. ಮಧ್ಯಾಹ್ನ ಕಾಕಾರನ್ನು ಬಿಡಿ, ಇಬ್ಬರ ಕೆಲಸವನ್ನೂ ನಾನು ಮಾಡುತ್ತೇನೆ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಹೂಂ ಎಂದರು. ಒಪ್ಪದವರು ಕಾಕಾ.

“ನೀ ಆಡಲಾರದ ಆಟ ತಗೊಂಡು ನಾ ಏನ ಮಾಡ್ಲಿ?”

ನಾನು ಬಿಡಲಿಲ್ಲ. ಕೈ ಹಿಡಿದು ಎಬ್ಬಿಸಿದೆ. ಅವರು ನಳದಲ್ಲಿ ಕೈ ತೊಳೆದುಕೊಂಡು, ಟೊಪ್ಪಿಗೆ ಝಾಡಿಸಿ ಹಾಕಿಕೊಂಡು ಹೊರಟರು. ಬಾಗಿಲ ತನಕ ಹೋಗಿ ತಿರುಗಿ ಬೆಂಚಿನ ಕಡೆ ನೋಡಿದರು. ಚಿಂತೆ ಮಾಡಬೇಡಿ ಎಂದು ಕೈ ಬೀಸಿದೆ.

ಕೆಲಸ ನೋಡಲು ಸರಳ. ಬ್ರೇಕಿನ ಸಲಾಕೆಗೆ ಬೋಲ್ಟು ಹಾಕಬೇಕು, ಬೋಲ್ಟು ಕಳಚದಂತೆ ಅದರ ತೂತಿನಲ್ಲಿ ಪಿನ್ನು ತೂರಿಸಬೇಕು, ಪಿನ್ನಿನ ಎರಡೂ ಕಾಲನ್ನು ಇಕ್ಕಳದಂಥ ಪಕ್ಕಡದಿಂದ ಅಗಲಿಸಿ ಬಾಗಿಸಬೇಕು. ಗೋಡೆಯಾಚೆ ಸೀಟಿ ಕೇಳಿಸಿತು. ನನ್ನ ಕಿವಿ ಅಲ್ಲಿಗೆ ಹೋಯಿತು, ಕಿವಿಯ ಹಿಂದೆ ಮನಸ್ಸೂ ಹೋಯಿತು. ಬೆರಳು ತರಚಿ ರಕ್ತ ಬಂದರೂ ನಿಲ್ಲಿಸದೆ ಸಾಕಷ್ಟು ಸಲಾಕೆ ಮುಗಿಸಿ ಪಕ್ಕಕ್ಕಿಟ್ಟೆ. ಕಾಕಾ ಬೆರಗಾಗಬೇಕು ಎಂದುಕೊಂಡೆ.

ಅರ್ಧ ಆಟದ ಸೀಟಿ ಕೇಳಿಸಿತು. ತುಸು ಹೊತ್ತಿಗೆ ಬಾಗಿಲಲ್ಲಿ ಟೊಪ್ಪಿಗೆ ಕಂಡಿತು. ಯಾಕೆ ಬಂದಿರಿ ಎಂದು ಕೇಳಿದೆ. ಅವರು ನಾನಿಟ್ಟ ಸಲಾಕೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಒಂದನ್ನು ಎತ್ತಿ ಅಲುಗಿಸಿದರು. ಪಿನ್ನು ಜಾರಿ ಬೆಂಚಿನ ಮೇಲೆ ಬಿತ್ತು. ಇನ್ನೊಂದರದೂ ಬಿತ್ತು. ಗದ್ದಲ ಕೇಳುವ ಭರದಲ್ಲಿ ಎಷ್ಟೋ ಪಿನ್ನುಗಳನ್ನು ಬಾಗಿಸುವುದನ್ನೇ ಮರೆತಿದ್ದೆ.

“ಮಂದಿ ಕುಂದ್ರೂ ರೈಲು ಡಬ್ಬಿ ತಮ್ಮಾ” ಎಂದರು. “ಅಲ್ಲಿ ಕುಂತ್ರೂ ಇದ ಕಣ್ಣ ಮುಂದ ಬರಾಕತ್ತಿತ್ತು.”

ನೀವು ಹೋಗಿ, ಇನ್ನೂ ಅರ್ಧ ಆಟ ಇದೆ, ಎಲ್ಲವನ್ನೂ ನಾನೇ ಸರಿಪಡಿಸುತ್ತೇನೆ ಎಂದೆ. ಕಾಕಾ ಟೊಪ್ಪಿಗೆ ತೆಗೆದು ಗೂಟಕ್ಕೆ ಹಾಕಿ, ನನ್ನ ಕೈಯಿಂದ ಪಕ್ಕಡ ತೆಗೆದುಕೊಂಡರು. ನಾನು ಸಲಾಕೆ ಹಿಡಿದೆ, ಅವರು ಪಿನ್ನು ಬಾಗಿಸಿದರು. ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಆಗ ಗೋಡೆಯಾಚೆ ಜನ ಹೋ ಎಂದು ಕೂಗಿದರು. ಕಾಕಾರ ಕೈ ಪಕ್ಕಡದ ಸಮೇತ ತಾನಾಗಿ ಮೇಲೆದ್ದಿತು.

“ನಮ್ಮ ಹುಡುಗಂದು” ಎಂದರು.

ಎಂದವರು ಪಕ್ಕದಲ್ಲೇ ನಿಂತಿದ್ದ ನನ್ನನ್ನು ನೋಡಿದರು. ಕೈ ಸ್ವಲ್ಪ ಹೊತ್ತು ಹಾಗೇ ಮೇಲೆ ನಿಂತಿತ್ತು. ಆಮೇಲೆ ಮೆಲ್ಲಗೆ ಇಳಿಸಿ, ಮುಂದಿನ ಸಲಾಕೆ ಕೊಡು ಎಂದರು. ಕೊಟ್ಟೆ.