ಕೋಡುಬಳೆಯನ್ನು ಮರೆತ ಸವಾರ

ಮೊದಲ ತಿರುವಿನ ಬೇಲಿಗೆ ಒರಗಿ ನಿಂತವರು, ನಾಲ್ಕು ಬೈಕುಗಳು ಹತ್ತಿರ ಬರುತ್ತಿದ್ದಂತೆ, ಟೀ ಲೋಟದ ಮೇಲೆ ಅಂಗೈ ಮುಚ್ಚುತ್ತಾರೆ. ಬೈಕುಗಳು ಅಡ್ಡಡ್ಡ ಜಾರಿ ತಿರುವು ದಾಟಿದ ಮೇಲೆ ಇಟ್ಟಿಗೆಪುಡಿಯಂಥ ಕೆಂಪು ಹರಳು ತಲೆಯ ಮೇಲೆ, ಭುಜದ ಮೇಲೆ, ಲೋಟ ಮುಚ್ಚಿದ ಬೆರಳುಗಳ ಮೇಲೆ ಉದುರುತ್ತದೆ. ಅದನ್ನು ಕೊಡವಿ ಮತ್ತೆ ಟೀ ಕುಡಿಯುತ್ತಾರೆ. ಮಾತು ನಿಲ್ಲುವುದಿಲ್ಲ.

ಸ್ಪೀಡ್‌ವೇ ಎಂದರೆ ಮಣ್ಣಿನ ಅಂಡಾಕಾರದ ಹಾದಿ, ನಾಲ್ವರು ಸವಾರರು, ನಾಲ್ಕು ಸುತ್ತು. ಒಂದು ಓಟ ಮುಗಿಯಲು ಒಂದು ನಿಮಿಷ ಸಾಕು. ಬೈಕಿಗೆ ಬ್ರೇಕ್ ಇರುವುದಿಲ್ಲ. ಈ ಕೊನೆಯ ವಿಷಯ ತಿಳಿದ ದಿನದಿಂದ ಅಮ್ಮ ಆ ಮೈದಾನದ ಕಡೆ ತಲೆ ಹಾಕಲಿಲ್ಲ. ನಾನು ಮಾತ್ರ ಅಪ್ಪನ ಜೊತೆ ಹೋಗುತ್ತಿದ್ದೆ.

ಅಪ್ಪ ಬರ್ಮಿಂಗ್‌ಹ್ಯಾಮಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಅಪಘಾತ ವಿಭಾಗದ ವೈದ್ಯರು. ರೋಟಾದಲ್ಲಿ, ಅಂದರೆ ಆಸ್ಪತ್ರೆಯ ಪಾಳಿಪಟ್ಟಿಯಲ್ಲಿ, ಬಿಡುವು ಸಿಕ್ಕ ಶನಿವಾರಗಳಲ್ಲಿ ಸ್ಪೀಡ್‌ವೇ ಮೈದಾನದ ಡಾಕ್ಟರಾಗಿರುತ್ತಿದ್ದರು. ಡಾಕ್ಟರು ಮೈದಾನದ ನಡುವೆ ಬಂದು ಕೂರುವ ತನಕ ಓಟ ಶುರುವಾಗುವಂತಿಲ್ಲ, ಕಂಡಕ್ಟರ್ ಸೀಟಿ ಊದದೆ ಬಸ್ಸು ಹೊರಡದ ಹಾಗೆ. ತಲೆಗೆ ಪೆಟ್ಟು ಬಿದ್ದ ಸವಾರ ಮತ್ತೆ ಬೈಕ್ ಹತ್ತಬೇಕೋ ಬೇಡವೋ ಎನ್ನುವುದೂ ಅವರದೇ ಮಾತು. ಮೈಸೂರು ಬಿಟ್ಟು ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ನಾನು ಹೇಳುತ್ತಿರುವ ವರ್ಷಗಳಲ್ಲಿ, ಅಂದರೆ ಎರಡು ಸಾವಿರದ ಹತ್ತರ ದಶಕದ ನಡುಭಾಗದಲ್ಲಿ, ಓದು ಮುಗಿಸಿ ಲೀಡ್ಸ್‌ನಲ್ಲಿ ಕೆಲಸಕ್ಕಿದ್ದೆ. ಹೆಡಿಂಗ್ಲೀಯ ಬಾಡಿಗೆ ಕೋಣೆಯಿಂದ ವಾರಾಂತ್ಯಕ್ಕೆ ರೈಲು ಹತ್ತಿ ಬರ್ಮಿಂಗ್‌ಹ್ಯಾಮಿನ ಹಾರ್ಬೋರ್ನ್‌ನ ಮನೆಗೆ ಬರುತ್ತಿದ್ದೆ.

"ನಾನು ಅಲ್ಲಿ ಕೆಲಸದಲ್ಲಿರ್ತೀನಿ. ನೀನು ಟಿಕೆಟ್ ತಗೊಂಡ ಪ್ರೇಕ್ಷಕಿ, ಅಷ್ಟೇ," ಎಂದು ಅಪ್ಪ ಮೊದಲ ದಿನವೇ ಹೇಳಿದ್ದರು. ಅದು ನನಗೆ ಅನುಕೂಲವೇ ಆಗಿತ್ತು. ಅಲ್ಲಿ ಯಾರಿಗೂ ನಾನು ಯಾರ ಮಗಳೆಂದು ಹೇಳಲಿಲ್ಲ.

ನನ್ನ ಪಕ್ಕದಲ್ಲಿ ಪ್ರತಿ ಸಲವೂ ಇಬ್ಬರು ನಿಲ್ಲುತ್ತಿದ್ದರು. ಒಬ್ಬರು ಕಂಬಳಿ ಹೊದ್ದ ಮುದುಕಿ. ಬರ್ಮಿಂಗ್‌ಹ್ಯಾಮಿನ ಹಳೆಯ ತಲೆಮಾರಿನ ಹೆಂಗಸರು ಗುರುತಿಲ್ಲದ ಹುಡುಗಿಯರನ್ನೂ ಕರೆಯುವಂತೆ ನನ್ನನ್ನು 'ಬ್ಯಾಬ್' ಎನ್ನುತ್ತಿದ್ದರು; ತಮ್ಮ ಫ್ಲಾಸ್ಕಿನಿಂದ ನನಗೂ ಟೀ ಬಗ್ಗಿಸುತ್ತಿದ್ದರು. ಇನ್ನೊಬ್ಬ ಉಣ್ಣೆ ಟೋಪಿಯ ಮನುಷ್ಯ. ಆ ಶನಿವಾರ ಬ್ರಿಟನ್‌ಗೂ ಪೋಲೆಂಡಿಗೂ ಪಂದ್ಯವಿತ್ತು. ಅವರು ಆಡಿದ್ದು ಇಂಗ್ಲಿಷ್. ನನ್ನ ನೆನಪಿನಲ್ಲಿ ಅದು ಯಾಕೋ ಕನ್ನಡದಲ್ಲೇ ಉಳಿದಿದೆ.

"ನಮ್ಮವರಿಗೆ ಸ್ಟಾರ್ಟೇ ಬರಲ್ಲ," ಎಂದ ಟೋಪಿಯವನು. "ಪೋಲೆಂಡಿನವರು ಆಗಲೇ ತಿರುವಿನಲ್ಲಿರ್ತಾರೆ, ನಮ್ಮವರು ಇನ್ನೂ ಮೋಡ ನೋಡ್ತಿರ್ತಾರೆ."

"ನಿನಗೆ ಈ ಮೂರು ಮೆಟ್ಟಿಲು ಹತ್ತೋಕೇ ದಮ್ಮಿಲ್ಲ, ಸ್ಟಾರ್ಟ್ ಬಗ್ಗೆ ಮಾತಾಡ್ತೀಯ," ಎಂದರು ಮುದುಕಿ.

"ಅಲ್ಲಿ ಮಕ್ಕಳು ನಡೆಯೋಕೆ ಮುಂಚೆ ಬೈಕ್ ಹತ್ತುತ್ತಾರೆ. ಇಲ್ಲಿ ಟ್ರ್ಯಾಕುಗಳನ್ನ ಮುಚ್ಚಿ ಮನೆ ಕಟ್ಟಿದ್ರು. ನಮ್ಮ ಹುಡುಗರು ಎಲ್ಲಿ ಕಲೀಬೇಕು, ಸೂಪರ್‌ಮಾರ್ಕೆಟ್ಟಿನ ಕಾರ್‌ಪಾರ್ಕಿನಲ್ಲಾ? ಹೋಗಲಿ, ಕಲಿತವರಾದ್ರೂ ಗಟ್ಟಿ ಇದಾರಾ? ಒಂದು ಸಲ ಬಿದ್ರೆ ಸಾಕು, ವಾರವೆಲ್ಲ ಮಲಗ್ತಾರೆ. ನಮ್ಮ ಕಾಲದವರು ಮುರಿದ ಕಾಲಿಗೆ ಪಟ್ಟಿ ಕಟ್ಕೊಂಡು ಓಡಿಸ್ತಿದ್ರು."

"ಈ ಹುಡುಗ ಹಾಗಲ್ಲ. ಕತ್ತು ಮುರಿದ್ರೂ ಇವನು ಆಕ್ಸಿಲರೇಟರ್ ಬಿಡಲ್ಲ."

ಮುದುಕಿ ಅದನ್ನು ಹೊಗಳಿಕೆಯಾಗಿಯೇ ಹೇಳಿದ್ದು. ನಮ್ಮ ಮನೆಯಲ್ಲಿ ಅಂಥ ಮಾತು ಯಾರ ಬಾಯಿಂದ ಬಂದರೂ ಅಮ್ಮ ತಕ್ಷಣ "ಬಿಡ್ತು ಅನ್ನು" ಎನ್ನುತ್ತಿದ್ದರು. ಆಡಿದವರು ಬಾಯಿಬಿಟ್ಟು "ಬಿಡ್ತು" ಎನ್ನುವ ತನಕ ಆ ಮಾತು ಮನೆಯೊಳಗೇ ನಿಂತಿರುತ್ತದೆ ಎಂಬಂತೆ ಕಾಯುತ್ತಿದ್ದರು. ಅಲ್ಲಿ ಅದನ್ನು ಯಾರಿಗೆ ಹೇಳಲಿ? ಮುದುಕಿಯ ಪರವಾಗಿ ನಾನೇ ಮನಸ್ಸಿನಲ್ಲಿ ಬಿಡ್ತು, ಬಿಡ್ತು ಎಂದುಕೊಂಡೆ.

ಅವರು ಹೇಳಿದ ಹುಡುಗನಿಗೆ ಇಪ್ಪತ್ತು ದಾಟಿರಲಿಲ್ಲ. ಆ ಸಂಜೆ ಚೆನ್ನಾಗಿ ಓಡಿಸಿದರೆ ಅದೇ ಬೇಸಿಗೆಯ ವಿಶ್ವಮಟ್ಟದ ಪಂದ್ಯಗಳಿಗೆ ಬ್ರಿಟನ್ ತಂಡದಲ್ಲಿ ಅವನಿಗೆ ಜಾಗವಿತ್ತು. ಮಧ್ಯಾಹ್ನ ಗೇಟಿನ ಬಳಿ ಅಪ್ಪ ನನ್ನ ಡಬ್ಬಿಯಿಂದ ಕೋಡುಬಳೆ ತಿನ್ನುತ್ತಿದ್ದಾಗ ಅವನು ಬೈಕ್ ತಳ್ಳಿಕೊಂಡು ಬಂದು ಇಣುಕಿದ್ದ. ಅಪ್ಪ ತಗೋ ಎಂದರು. ಅವನು ಒಂದನ್ನು ಎತ್ತಿ ಬೆರಳಿಗೆ ಉಂಗುರದಂತೆ ಹಾಕಿಕೊಂಡು, "ನಮ್ಮ ಪಿಸ್ಟನ್ ರಿಂಗಿಗಿಂತ ಚೆನ್ನಾಗಿದೆ ಡಾಕ್," ಎಂದ. ಕಚ್ಚಿದ ಮೇಲೆ ಖಾರಕ್ಕೆ ಕಣ್ಣಲ್ಲಿ ನೀರು ಬಂದು, ನನ್ನನ್ನು ನೋಡಿ ನಕ್ಕ.

ಪಂದ್ಯ ಅರ್ಧ ಕಳೆದಿತ್ತು. ಬ್ರಿಟನ್ ಸ್ವಲ್ಪವೇ ಹಿಂದಿತ್ತು. ಹುಡುಗ ಹೊರಬದಿಯಿಂದ ಮೊದಲ ತಿರುವಿಗೆ ಬಂದ. ಒಳಬದಿಯ ಪೋಲಿಷ್ ಸವಾರನ ಹಿಂಚಕ್ರ ಅವನ ಮುಂಚಕ್ರಕ್ಕೆ ತಾಗಿತು. ಒಂದು ಎಂಜಿನ್ ಕಿರುಚಿದಂತೆ ಏರಿ ತಟ್ಟನೆ ನಿಂತಿತು. ಇಬ್ಬರೂ ನಮ್ಮೆದುರಿನ, ಗಾಳಿ ತುಂಬಿದ ದಿಂಬುಗಳ ಬೇಲಿಗೆ ಬಡಿದರು. ಕೆಂಪು ದೀಪ ಹತ್ತಿತು. ಅಪ್ಪ ಬ್ಯಾಗು ಹಿಡಿದು, ಮೈಸೂರಿನಲ್ಲಿ ಸಿಟಿ ಬಸ್ಸಿಗೆ ಓಡುತ್ತಿದ್ದ ಹಾಗೆ, ಗಿಡ್ಡ ಗಿಡ್ಡ ಹೆಜ್ಜೆಯಲ್ಲಿ ಓಡಿಬಂದರು.

ಪೋಲಿಷ್ ಸವಾರ ಏಳಲಿಲ್ಲ. ಅವನ ಭುಜದ ಕಾಲರ್ ಬೋನ್ ಮುರಿದಿತ್ತು. ಹುಡುಗ ಮಾತ್ರ ತಾನೇ ಎದ್ದು ಕೈ ಎತ್ತಿದ. ಜನ ಕೂಗಿ ಹಾರ್ನ್ ಊದಿದರು. "ನೋಡಿದ್ರಾ? ಇವನು ನಮ್ಮವನು!" ಎಂದ ಟೋಪಿಯವನು. ಆದರೆ ನಾನು ಇನ್ನೊಂದು ನೋಡಿದ್ದೆ. ಹುಡುಗ ಮೊದಲು ನಡೆದದ್ದು ಪಿಟ್ಸ್‌ಗೆ, ಅಂದರೆ ಬೈಕುಗಳನ್ನು ಸಜ್ಜುಮಾಡುವ ಅಂಗಳಕ್ಕೆ, ವಿರುದ್ಧವಾದ ದಿಕ್ಕಿಗೆ. ಅವನ ಮೆಕ್ಯಾನಿಕ್ ಓಡಿಬಂದು ಭುಜ ಹಿಡಿದು ತಿರುಗಿಸಿದ.

ಬೇಲಿ ಸರಿಪಡಿಸುವ ತನಕ ಓಟ ನಿಂತಿತು. ಅಂಥ ಬಿಡುವಿನಲ್ಲಿ ಪಿಟ್ಸ್‌ನ ತಂತಿಬೇಲಿಯ ಮೇಲಿಂದ ಅಪ್ಪನಿಗೆ ಡಬ್ಬಿ ಕೊಡುವುದು ನಮ್ಮ ರೂಢಿ. ಹೋಗಿ ನಿಂತೆ. ಅಪ್ಪ ಇನ್ನೂ ಆ ಪೋಲಿಷ್ ಸವಾರನ ಬಳಿ ಇದ್ದರು. ಬೇಲಿಯ ಆಚೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ, ಹುಡುಗ ಟೈರೊಂದರ ಮೇಲೆ ಕೂತಿದ್ದ. ಮೆಕ್ಯಾನಿಕ್ ಅವನ ಮುಂದೆ ಕುಕ್ಕರುಗಾಲಿನಲ್ಲಿದ್ದ.

"ಡಾಕ್ಟರ್ ಕೇಳೋದು ಯಾವಾಗಲೂ ಅದೇ ಪ್ರಶ್ನೆಗಳು. ಹೇಳು. ಯಾರ ಮೇಲೆ ಪಂದ್ಯ?"

"ಪೋಲೆಂಡ್."

"ಯಾರು ಮುಂದಿದಾರೆ?"

"ನಾವು."

"ಅಲ್ಲ ಗುರೂ, ಅವರು. ಅವರು ಮುಂದೆ. ಹಿಂದಿನ ರೇಸ್ ಗೆದ್ದಿದ್ದು ಯಾರು?"

"ನಾನಲ್ವಾ?"

ಮೆಕ್ಯಾನಿಕ್ ಸರಿಯಾದ ಉತ್ತರ ಹೇಳಿದ. ಮತ್ತೆ ಕೇಳಿದ. ಪರೀಕ್ಷೆಯ ಬೆಳಿಗ್ಗೆ ಶಾಲೆಯ ವರಾಂಡದಲ್ಲಿ ಬಾಯಿಪಾಠ ಒಪ್ಪಿಸಿಕೊಳ್ಳುವ ಅಣ್ಣನಂತಿದ್ದ. ಅವನಲ್ಲಿ ಕೆಟ್ಟತನ ಕಾಣಲಿಲ್ಲ. ಮೂರನೆಯ ಸಲಕ್ಕೆ ಹುಡುಗ ತಪ್ಪಿಲ್ಲದೆ ಹೇಳಿದ. ಅವರಿಬ್ಬರೂ ನನ್ನನ್ನು ನೋಡಿಯೂ ನೋಡದಂತಿದ್ದರು. ಡಬ್ಬಿ ಹಿಡಿದು ನಿಂತ ಯಾರೋ ಹುಡುಗಿ.

ಮೊದಲ ಪೆಟ್ಟಿನಿಂದ ಊದಿದ ಮೆದುಳಿಗೆ ಎರಡನೆಯ ಪೆಟ್ಟು ಬಿದ್ದರೆ ಜೀವವೇ ಹೋಗಬಹುದೆಂದು ಅಪ್ಪ ಊಟದ ಮೇಜಿನಲ್ಲಿ ಹೇಳಿದ್ದರು. ಹೇಳಿಬಿಟ್ಟರೆ ಹುಡುಗನಿಗೆ ತಂಡದ ಜಾಗ ತಪ್ಪುತ್ತದೆ. ಆಮೇಲೆ ಈ ಮೈದಾನದಲ್ಲಿ ತುಂಬಿರುವ ಸಾವಿರಾರು ಜನ, ನಡುವೆ ಒಂಟಿಯಾಗಿ ಕೂರುವ ಕಂದು ಬಣ್ಣದ ಒಬ್ಬ ಡಾಕ್ಟರು. ನಾನು ಪ್ರೇಕ್ಷಕಿ ಅಷ್ಟೇ ಎಂದು ಹೇಳಿದ್ದೂ ಅವರೇ. ಹಾಗೆ ನಿಂತಿದ್ದಾಗಲೇ ಅಪ್ಪ ಕೈ ಒರೆಸಿಕೊಳ್ಳುತ್ತ ಬಂದು ಡಬ್ಬಿಗೆ ಕೈ ಹಾಕಿದರು.

ನಾನು ಕನ್ನಡದಲ್ಲಿ, ತಿಂಡಿಯ ವಿಷಯ ಹೇಳುವ ದನಿಯಲ್ಲಿ ಹೇಳಿದೆ: "ಅಪ್ಪ, ಅವನಿಗೆ ಉತ್ತರ ಎಲ್ಲ ಹೇಳಿಕೊಟ್ಟಿದಾರೆ. ನಾನು ಕೇಳಿಸ್ಕೊಂಡೆ. ಬೇರೆ ಏನಾದ್ರೂ ಕೇಳಿ."

ಅಪ್ಪ ಕೋಡುಬಳೆ ಮುರಿದರು. "ಸರಿ ಪುಟ್ಟಿ. ಮುಖ ಹಾಗೆ ಮಾಡ್ಕೋಬೇಡ, ನೋಡ್ತಿದಾರೆ."

ಅವರು ಹುಡುಗನ ಕಣ್ಣಿಗೆ ಟಾರ್ಚು ಬಿಟ್ಟರು. ರೂಢಿಯ ಪ್ರಶ್ನೆಗಳನ್ನೇ ಕೇಳಿದರು. ಹುಡುಗ ಪಟಪಟನೆ ಉತ್ತರಿಸಿದ. ಮೆಕ್ಯಾನಿಕ್ ಹೆಲ್ಮೆಟ್ ಎತ್ತಿಕೊಂಡ. ಆಗ ಅಪ್ಪ, ಏನೋ ನೆನಪಾದವರಂತೆ, ನನ್ನತ್ತ ಕೈ ತೋರಿಸಿ, "ಮಧ್ಯಾಹ್ನ ಈ ಹುಡುಗಿಯ ಡಬ್ಬಿಯಿಂದ ಏನೋ ತಿಂದೆಯಲ್ಲ, ಏನದು?" ಎಂದರು.

ಹುಡುಗ ನನ್ನನ್ನು ನೋಡಿದ. ಅವನ ಕಣ್ಣು ನನ್ನ ಮುಖದ ಮೇಲೆ ನಿಂತು, ಹಿಡಿಯಲು ಏನೂ ಸಿಗದೆ ಪಕ್ಕಕ್ಕೆ ಜಾರಿತು. ಅದನ್ನು ನೆನೆದರೆ ಈಗಲೂ ನನಗೆ ಭಯವಾಗುತ್ತದೆ.

"ಸ್ಯಾಂಡ್‌ವಿಚ್ಚಾ?" ಎಂದ. ಆಮೇಲೆ ಮೆಕ್ಯಾನಿಕ್ ಕಡೆ ತಿರುಗಿ, "ಇವಳು ಯಾರು?"

ಮೆಕ್ಯಾನಿಕ್ ಹೆಲ್ಮೆಟ್ಟನ್ನು ಕೆಳಗಿಟ್ಟ. ಹುಡುಗನಿಗೆ ವಿಷಯ ಅರ್ಥವಾದದ್ದು ಆಂಬುಲೆನ್ಸಿನ ಬಾಗಿಲು ತೆರೆದಾಗ. "ನಾನು ಸರಿಯಾಗಿದೀನಿ! ಎಲ್ಲದಕ್ಕೂ ಉತ್ತರ ಹೇಳಿದೆನಲ್ಲ!" ಎಂದು ಕೂಗಿ ಗ್ಲೌಸನ್ನು ಅಪ್ಪನ ಎದೆಗೆ ಎಸೆದ. ಅಪ್ಪ ಅದನ್ನು ಎತ್ತಿ, ಧೂಳು ಕೊಡವಿ, ಮೆಕ್ಯಾನಿಕ್ ಕೈಗೆ ಕೊಟ್ಟರು.

ನಾನು ಬೇಲಿಗೆ ಮರಳುವಷ್ಟರಲ್ಲಿ ಧ್ವನಿವರ್ಧಕ ಹೇಳಿತ್ತು: ವೈದ್ಯರ ಆದೇಶದ ಮೇರೆಗೆ ಹುಡುಗ ಪಂದ್ಯದಿಂದ ಹೊರಗೆ. ಜನ ಒಂದೇ ಗಂಟಲಿನಿಂದ ಊಳಿಟ್ಟರು. ಅಪ್ಪ ಮೈದಾನದ ನಡುವಿನ ತಮ್ಮ ಕುರ್ಚಿಗೆ ನಡೆದು ಹೋಗುತ್ತಿದ್ದರು. ಅಷ್ಟು ದೊಡ್ಡ ಬಯಲನ್ನು ಅವರು ಹಿಂದೆಂದೂ ದಾಟಿರಲಿಲ್ಲವೇನೋ ಅನ್ನಿಸಿತು.

"ಎದ್ದು ನಡೆದ ಹುಡುಗ!" ಎಂದ ಟೋಪಿಯವನು. "ಕೈ ಎತ್ತಿದ! ಯಾರು ಈ ಡಾಕ್ಟರು? ಪೋಲೆಂಡಿನವನೇ ಇರಬೇಕು."

ಸುತ್ತಲಿನವರು ನಕ್ಕರು. ಹಿಂದಿನ ಸಾಲಿನಿಂದ ಯಾರೋ, ಎಲ್ಲಿಂದ ಬಂದನೋ ಅಲ್ಲಿಗೇ ಕಳಿಸಿ ಎಂದ. ಅದಕ್ಕೂ ನಕ್ಕರು. ಒಂದು ಗಂಟೆಯ ಹಿಂದೆ ನಮ್ಮವರು ಮೆತ್ತಗೆ, ನೋವಾದರೆ ಕೂರುತ್ತಾರೆ ಎಂದಿದ್ದವರು ಇವರೇ. ಆಗಿನ ದೂರು ಸವಾರರ ಮೇಲಿತ್ತು. ಈಗ ಅದೆಲ್ಲ ಒಟ್ಟಾಗಿ ಒಬ್ಬರ ಮೇಲೆ ತಿರುಗಿತ್ತು. ಮುಂದಿನ ಓಟ ಶುರುವಾಯಿತು. ಬೈಕುಗಳು ಬಂದಾಗ ನನಗೆ ಲೋಟ ಮುಚ್ಚಬೇಕೆಂದು ತೋಚಲಿಲ್ಲ. ಸುಕ್ಕುಗಟ್ಟಿದ ಕೈಯೊಂದು ಅಡ್ಡ ಬಂದು ಅದನ್ನು ಮುಚ್ಚಿತು.

"ನೀನು ಪಿಟ್ಸ್ ಹತ್ತಿರ ನಿಂತಿದ್ದು ನೋಡಿದೆ ಬ್ಯಾಬ್," ಎಂದರು ಮುದುಕಿ, ಮೆಲ್ಲಗೆ. "ನಿಮ್ಮಪ್ಪನಾ?"

ನಾನು ಹೌದೆಂದು ತಲೆಯಾಡಿಸಿದೆ.

"ಹಾಗಾದ್ರೆ ಮುಗಿಯೋ ಮುಂಚೆ ಕಾರಿನೊಳಗೆ ಹೋಗಿ ಕೂತ್ಕೋ. ಬಾಗಿಲು ಲಾಕ್ ಮಾಡ್ಕೋ."

ಸಮಾಧಾನದ ಮಾತು ಬರುತ್ತದೆಂದು ಕಾದಿದ್ದ ನಾನು ಲೋಟವನ್ನು ಅವರ ಕೈಗಿಟ್ಟೆ. ಹೋಗಿ ಕೂತೆ. ಬೇಸಿಗೆಯ ಬೆಳಕು ಇನ್ನೂ ಇತ್ತು. ಪಂದ್ಯ ಮುಗಿದು ಜನ ಕಾರುಗಳ ನಡುವೆ ಹಾದುಹೋದರು. ಬ್ರಿಟನ್ ಎರಡು ಪಾಯಿಂಟಿನಲ್ಲಿ ಸೋತಿದ್ದು ಅವರ ಮಾತಿನಿಂದ ತಿಳಿಯಿತು. ಯಾರದೋ ಅಂಗೈ ನಮ್ಮ ಕಾರಿನ ಚಾವಣಿಗೆ ದಪ್ಪೆಂದು ಬಡಿಯಿತು. ನಮ್ಮ ಕಾರೆಂದು ಗೊತ್ತಿದ್ದು ಬಡಿದರೋ, ಸುಮ್ಮನೆ ಬಡಿದರೋ ತಿಳಿಯದು. ಜನ ಕರಗಿದ ಮೇಲೆ ಅಪ್ಪ ಬಂದರು. ಜಾಕೆಟ್ಟಿನ ಬೆನ್ನ ಮೇಲೆ ಟೀ ಚೆಲ್ಲಿದ ಕಲೆಯಿತ್ತು.

ದಾರಿಯಲ್ಲಿ ನಾನೇ ಬಾಯಿಬಿಟ್ಟೆ. "ಅವನ ತಲೆ ಸ್ಕ್ಯಾನಿನಲ್ಲಿ ಏನೂ ಇಲ್ಲದೇ ಹೋದ್ರೆ?"

"ಇಲ್ಲದೇ ಹೋದ್ರೆ ಒಳ್ಳೇದಲ್ವೇನಮ್ಮ?"

"ಆಗ ಜನ ಹೇಳಿದ್ದೇ ಸರಿ ಅಂತಾಗುತ್ತೆ."

"ಆಗಲಿ. ಏನೂ ಇಲ್ಲದಿರಲಿ ಅಂತಲೇ ಬೇಡ್ಕೋ." ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಮತ್ತೆ ಹೇಳಿದರು, "ಆದ್ರೆ ಇದು ಸಾಕಾಯ್ತು ಪುಟ್ಟಿ. ಇನ್ನು ಬೇರೆ ಯಾರಾದ್ರೂ ಹೋಗಲಿ."

ಮನೆಗೆ ಬಂದ ಮೇಲೆ, ಮೈದಾನದಲ್ಲಿ ನಡೆದದ್ದನ್ನು ಕೇಳಿದ ಅಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದರು. ಯಾರಿಗಾಗಿ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ನಾನೂ ಕೈ ಮುಗಿದೆ. ಹುಡುಗನ ತಲೆಯೊಳಗೆ ಏನೂ ಇರದಿರಲಿ ಎಂದೇ ಶುರುಮಾಡಿದೆ. ಅಷ್ಟರಲ್ಲಿ ಮೈದಾನದ ಆ ಊಳು ಕಿವಿಗೆ ಬಂತು, ಪ್ರಾರ್ಥನೆ ಅರ್ಧಕ್ಕೇ ನಿಂತಿತು.

ಬೆಳಿಗ್ಗೆ ನಾನು ಎದ್ದು ಕೆಳಗೆ ಬಂದಾಗ ಅಪ್ಪ ಅಡುಗೆಮನೆಯ ಕಿಟಕಿಯ ಬಳಿ ಫೋನ್ ಹಿಡಿದು ನಿಂತಿದ್ದರು. ಅವರು ಹೆಚ್ಚಾಗಿ ಕೇಳಿಸಿಕೊಂಡರು, ಕಡಿಮೆ ಮಾತಾಡಿದರು. ಫೋನ್ ಇಟ್ಟು ಎರಡೂ ಅಂಗೈಗಳನ್ನು ಮೇಜಿನ ಮೇಲೆ ಊರಿದರು. ಬೇರೆಯವರ ರೋಗದ ವಿಷಯವನ್ನು ಅವರು ಮನೆಯಲ್ಲಿ ಹೇಳುವವರಲ್ಲ.

"ಸ್ಕ್ಯಾನಿಗೆ ಕಳಿಸಿದ್ದು ಒಳ್ಳೇದಾಯ್ತು," ಎಂದರು. "ಹುಷಾರಾಗ್ತಾನೆ. ಈ ವರ್ಷ ಮಾತ್ರ ಬೈಕ್ ಹತ್ತೋ ಹಾಗಿಲ್ಲ."

ಅಮ್ಮ ಕಾಫಿ ಲೋಟ ಕೊಡುತ್ತ, "ಸರಿ, ನೀವೂ ಇನ್ನು ಹೋಗೋದು ಬೇಡ," ಎಂದರು. ಅಪ್ಪ ಗೋಡೆಯ ಮೇಲಿನ ರೋಟಾ ನೋಡಿದರು. ಮುಂದಿನ ಶನಿವಾರದ ಚೌಕ ಖಾಲಿಯಿತ್ತು, ಅಂದು ಆಸ್ಪತ್ರೆಯ ಪಾಳಿಯಿರಲಿಲ್ಲ.

ನಾನು ಫೋನಿನಲ್ಲಿ ಅಭಿಮಾನಿಗಳ ಚರ್ಚಾಪುಟ ತೆರೆದೆ. ಅಲ್ಲಿ ಯಾರಿಗೂ ಇನ್ನೂ ಏನೂ ತಿಳಿದಿರಲಿಲ್ಲ. ಬ್ರಿಟಿಷ್ ಸವಾರರು ಯಾಕೆ ಸೋಲುತ್ತಾರೆ ಎಂಬ ಚರ್ಚೆ ರಾತ್ರಿಯಿಡೀ ಬೆಳೆದಿತ್ತು, ಮತ್ತು ಪ್ರತಿ ನಾಲ್ಕನೆಯ ಮಾತು 'ಆ ಡಾಕ್ಟರ್' ಎಂದು ಶುರುವಾಗುತ್ತಿತ್ತು. ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟೆ.

ಅಪ್ಪನ ಬೂಟುಗಳು ಬಾಗಿಲ ಪಕ್ಕ, ಅವರು ರಾತ್ರಿ ಕಳಚಿದ ಹಾಗೇ ಬಿದ್ದಿದ್ದವು. ಅವನ್ನು ಹಿತ್ತಿಲಿಗೆ ಒಯ್ದು ಮೆಟ್ಟಿಲ ಮೇಲೆ ಕೂತು, ಹಳೆಯ ಟೂತ್‌ಬ್ರಷ್ಷಿನಿಂದ ಅಟ್ಟೆಯ ಗೀರುಗಳಲ್ಲಿ ಸಿಕ್ಕಿದ್ದ ಕೆಂಪು ಹರಳನ್ನು ಒಂದೊಂದಾಗಿ ಕೆದಕಿ ತೆಗೆದೆ. ಪಾಲಿಶ್ ಹಚ್ಚಿ, ಲೇಸು ಬಿಚ್ಚಿ ಮತ್ತೆ ಸರಿಯಾಗಿ ಪೋಣಿಸಿ, ಶನಿವಾರ ಅವರು ಹಾಕಿಕೊಂಡು ಮೈದಾನಕ್ಕೆ ಹೊರಡಲು ಅನುಕೂಲವಾಗುವಂತೆ, ಮುಂಬಾಗಿಲಿಗೆ ಮುಖ ಮಾಡಿ ಇಟ್ಟೆ.